ಒಂದೇ ಥರದ ಮರಳು ಎಂದುಕೊಂಡಿದ್ದು: ಬೋರ್ಡನ್‌ನ 1,279 ಹೋಳುಗಳು

1982ರ ಆಗಸ್ಟ್ 23. ಕೆನಡಾದ ಒಂಟಾರಿಯೊ ಪ್ರಾಂತ್ಯದ ಬೋರ್ಡನ್ ಸೇನಾ ನೆಲೆ. ಅಲ್ಲಿ ಕೆಲಸ ನಿಂತಿದ್ದ ಒಂದು ಮರಳು ಕ್ವಾರಿಯ ತಳದಲ್ಲಿ ಒಂಬತ್ತು ಸಣ್ಣ ಬಾವಿಗಳ ಮೂಲಕ ಉಪ್ಪುನೀರು ಇಳಿಸಲು ಶುರು ಮಾಡಿದರು. ಒಟ್ಟು 12,000 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಮುಂದೆ ಬಂದು ನಿಲ್ಲುತ್ತದಲ್ಲ, ಆ ದೊಡ್ಡ ಟ್ಯಾಂಕರ್, ಅಷ್ಟು. ಟ್ಯಾಂಕರಿನವನು ಸಂಪಿಗೆ ಪೈಪು ಹಾಕಿ ಸ್ವಲ್ಪ ಹೊತ್ತಿನಲ್ಲಿ ಮುಗಿಸಿ ಹೋಗುತ್ತಾನೆ. ಇವರು ಸುಮಾರು 15 ಗಂಟೆ ತೆಗೆದುಕೊಂಡರು. ನೆಲದೊಳಗಿನ ನೀರು ತನ್ನ ಪಾಡಿಗೆ ತಾನು ಹರಿಯುತ್ತಿರಬೇಕು, ಹೊಸಬರು ಬಂದದ್ದು ಅದಕ್ಕೆ ಗೊತ್ತೇ ಆಗಬಾರದು, ಅಷ್ಟು ಮೆಲ್ಲಗೆ. ಆಮೇಲೆ ಪಂಪಿಲ್ಲ, ತಳ್ಳುವುದಿಲ್ಲ. ಆ ನೀರು ಎತ್ತ ಹೋಗುತ್ತದೆ, ಹೇಗೆ ಹರಡುತ್ತದೆ ಎಂದು ಸುಮಾರು ಮೂರು ವರ್ಷ ಬೆನ್ನು ಹತ್ತಿದರು, ಅಷ್ಟೆ.

ನನಗೆ ಈ ಪ್ರಯೋಗ ಇಷ್ಟವಾಗುವುದು ಅದರ ದೊಡ್ಡತನಕ್ಕಲ್ಲ. ಅವರು ಆರಿಸಿಕೊಂಡ ಮರಳಿಗೆ. ಕಣ್ಣಿಗೆ ಅದು ತೀರಾ ಸಾಧಾರಣ ಮರಳು. ಸಣ್ಣದರಿಂದ ಮಧ್ಯಮ ಕಾಳು, ಜಲ್ಲಿ ಇಲ್ಲ, ದಪ್ಪ ಜೇಡಿಯ ಪಟ್ಟಿ ಇಲ್ಲ. ಮರಳಿನಲ್ಲಿ ಏರುಪೇರು ಹುಡುಕಲು ಹೊರಟವರು ಸಾಮಾನ್ಯವಾಗಿ ಇಂಥ ಜಾಗಕ್ಕೆ ಹೋಗುವುದೇ ಇಲ್ಲ. ಏರುಪೇರು ಇಲ್ಲಿ ಸಿಕ್ಕಿದರೆ ಇನ್ನೆಲ್ಲಿ ಸಿಗುವುದಿಲ್ಲ ಹೇಳಿ?

ಕಸದ ಗುಂಡಿಯಿಂದ ಶುರುವಾದದ್ದು

ಬೋರ್ಡನ್ ಇರುವುದು ಟೊರಾಂಟೊದಿಂದ ವಾಯವ್ಯಕ್ಕೆ, ನೂರು ಕಿಲೋಮೀಟರಿನ ಒಳಗೆ. ನೆಲೆಯ ಕಸವನ್ನು 1940ರಿಂದ 1976ರವರೆಗೆ ಒಂದು ಕಡೆ ಹೂಳುತ್ತಿದ್ದರು. ಕೆಳಗೆ ಮರಳು, ಮೇಲೆ ಕಸ. ಮಳೆ ನೀರು, ಹಿಮ ಕರಗಿದ ನೀರು ಕಸದ ಮೂಲಕ ಇಳಿದು, ಅದರ ಉಪ್ಪು ರಸವನ್ನೆಲ್ಲ ಹೀರಿಕೊಂಡು ಅಂತರ್ಜಲಕ್ಕೆ ಸೇರಿತು. ಆ ಕೊಳಕು ನೀರು ಮರಳೊಳಗೆ ನೂರಾರು ಮೀಟರ್ ಹರಿದು ಹೋಗಿತ್ತು. 1970ರ ದಶಕದಲ್ಲೇ ವಾಟರ್ಲೂ ವಿಶ್ವವಿದ್ಯಾಲಯದ ಜಾನ್ ಚೆರ್ರಿ ಮತ್ತು ಜೊತೆಯವರು ಅದರ ಹಿಂದೆ ಬಿದ್ದಿದ್ದರು.

ಆದರೆ ಹಳೆಯ ಕೊಳಕಿನಿಂದ ಒಂದು ತೊಂದರೆ. ಎಷ್ಟು ಸೇರಿತು, ಯಾವತ್ತು ಸೇರಿತು ಎಂದು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಲೆಕ್ಕವೇ ಇಲ್ಲದಿದ್ದರೆ ಹರಡಿದ್ದು ಜಾಸ್ತಿಯೋ ಕಡಿಮೆಯೋ ಹೇಗೆ ಹೇಳುವುದು? ಅದಕ್ಕೇ ವಾಟರ್ಲೂ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಸೇರಿ ತಾವೇ ಲೆಕ್ಕವಿಟ್ಟು ಇಳಿಸುವ ಯೋಚನೆ ಮಾಡಿದರು. ಸ್ಟ್ಯಾನ್‌ಫರ್ಡ್ ಕಡೆಯಿಂದ ಪಾಲ್ ರಾಬರ್ಟ್ಸ್, ಡೇವಿಡ್ ಫ್ರೈಬರ್ಗ್, ಡಗ್ಲಸ್ ಮೆಕೇ ಇದ್ದರು. ಜಾಗ ಅದೇ ನೆಲೆಯಲ್ಲಿ, ಕಸದ ಗುಂಡಿಯ ಹತ್ತಿರದ ಕ್ವಾರಿ. ಅಲ್ಲಿ ನೀರಿನ ಮಟ್ಟ ನೆಲದಿಂದ ಒಂದು ಮೀಟರ್ ಕೆಳಗೆ. ನೀರು ತುಂಬಿದ ಮರಳಿನ ಪದರ ಸುಮಾರು 9 ಮೀಟರ್ ದಪ್ಪ, ಅದರ ಕೆಳಗೆ ಜೇಡಿ. ಹಳೆಯ ಕೊಳಕು ಪದರದ ಕೆಳಭಾಗದಲ್ಲಿ ಹರಿಯುತ್ತಿತ್ತು. ಇವರು ತಮ್ಮ ನೀರನ್ನು ಅದಕ್ಕಿಂತ ಮೇಲೆ ಬಿಟ್ಟರು.

ಆ 12,000 ಲೀಟರಿನಲ್ಲಿ ಏಳು ಬಗೆ ಇತ್ತು. ಕ್ಲೋರೈಡ್ ಮತ್ತು ಬ್ರೋಮೈಡ್ ನೀರಿನ ಜೊತೆ ನೀರಿನ ವೇಗದಲ್ಲೇ ಹೋಗುವಂಥವು, ಮರಳಿಗೆ ಅಂಟುವುದಿಲ್ಲ. ಕ್ಲೋರೈಡ್ ಲೀಟರಿಗೆ 892 ಮಿಲಿಗ್ರಾಂ. ನಮ್ಮ ಕುಡಿಯುವ ನೀರಿನ ಮಾನಕದಲ್ಲಿ ಕ್ಲೋರೈಡ್ 250ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ ನಡೆಯುತ್ತದೆ. ಹಾಗಾಗಿ ಇದೇನು ಭಯಂಕರ ಉಪ್ಪಲ್ಲ. ಉಳಿದ ಐದು ಕಾರ್ಖಾನೆ, ಡ್ರೈಕ್ಲೀನಿಂಗ್ ಅಂಗಡಿಗಳ ಕಡೆಯಿಂದ ಬರುವ ಜಾತಿಯ ರಾಸಾಯನಿಕಗಳು. ಬ್ರೋಮೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್, ಪರ್ಕ್ಲೋರೋಎಥಿಲೀನ್ ಇತ್ಯಾದಿ. ಇವು ಮರಳಿಗೆ ಸ್ವಲ್ಪ ಅಂಟಿ, ಬಿಟ್ಟು, ಅಂಟಿ, ಬಿಟ್ಟು ಸಾಗುತ್ತವೆ.

ನೋಡುವುದಕ್ಕೆ ಮಾಡಿದ ವ್ಯವಸ್ಥೆ ಮಾತ್ರ ಅತಿಯೇ ಅನ್ನಬೇಕು. ನೆಲದೊಳಗೆ ಇನ್ನೂರಕ್ಕೂ ಹೆಚ್ಚು ಪೈಪು. ಒಂದೊಂದರಲ್ಲೂ ಬೇರೆ ಬೇರೆ ಆಳದಿಂದ ನೀರು ಸೇದುವ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಒಟ್ಟು ಸೇದುವ ಬಾಯಿಗಳು ಸುಮಾರು 5,000. ಒಂದು ಉದ್ದ ಜಾಲರಿ ಪೈಪು ಇಳಿಸಿ ಒಂದು ಬಾಟಲಿ ತುಂಬಿದ್ದರೆ ಮೇಲಿನ, ನಡುವಿನ, ಕೆಳಗಿನ ನೀರೆಲ್ಲ ಬೆರೆತು ಒಂದೇ ಅಂಕಿ ಬರುತ್ತಿತ್ತು. ಈ ಕಥೆಯೇ ಇರುತ್ತಿರಲಿಲ್ಲ.

ವೇಗ ಸರಿ ಬಂತು, ಆಕಾರ ಬರಲಿಲ್ಲ

ಮರಳಿನ ಮೂಲಕ ನೀರು ಎಷ್ಟು ಬೇಗ ಹಾಯುತ್ತದೆ ಎಂಬ ಲೆಕ್ಕ 1856ರಷ್ಟು ಹಳೆಯದು. ಫ್ರಾನ್ಸಿನ ಡಿಜಾನ್ ಊರಿಗೆ ನೀರು ಕೊಟ್ಟ ಇಂಜಿನಿಯರ್ ಆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಬಿಟ್ಟು ಅಳೆದಿದ್ದ. ಎರಡು ಸಂಗತಿ ಮುಖ್ಯ. ನೀರಿನ ಮಟ್ಟದ ಇಳಿಜಾರು ಎಷ್ಟು, ಆ ಮರಳು ನೀರನ್ನು ಎಷ್ಟು ಸುಲಭವಾಗಿ ಬಿಡುತ್ತದೆ. ಎರಡನೆಯದಕ್ಕೆ ಪುಸ್ತಕದಲ್ಲಿ ಹೈಡ್ರಾಲಿಕ್ ಕಂಡಕ್ಟಿವಿಟಿ ಎನ್ನುತ್ತಾರೆ. ನಾನು ಇಲ್ಲಿ ಹಾಯಿಸುವ ಗುಣ ಎನ್ನುತ್ತೇನೆ.

ಬೋರ್ಡನ್ ಮರಳಿನ ಹಾಯಿಸುವ ಗುಣ ಸರಾಸರಿ ದಿನಕ್ಕೆ ಸುಮಾರು 6.2 ಮೀಟರ್. ಇಳಿಜಾರು ಸಾವಿರ ಮೀಟರಿಗೆ ನಾಲ್ಕು ಮೀಟರಿಗಿಂತ ಸ್ವಲ್ಪ ಜಾಸ್ತಿ, 0.0043 ಅಂತಿಟ್ಟುಕೊಳ್ಳಿ. ಗುಣಿಸಿದರೆ ದಿನಕ್ಕೆ 2.7 ಸೆಂಟಿಮೀಟರ್. ಆದರೆ ನೀರು ಹರಿಯುವುದು ಕಾಳುಗಳ ನಡುವಿನ ಸಂದಿಯಲ್ಲಿ ಮಾತ್ರ. ಸಂದಿಯ ಪಾಲು ಸುಮಾರು ಮೂರರಲ್ಲೊಂದು. ಹಾಗಾಗಿ ನಿಜವಾದ ವೇಗ ದಿನಕ್ಕೆ 8 ಸೆಂಟಿಮೀಟರ್ ಚಿಲ್ಲರೆ ಆಗಬೇಕು. ನೆಲದಲ್ಲಿ ಅಳೆದು ಸಿಕ್ಕಿದ್ದು 9.1 ಸೆಂಟಿಮೀಟರ್. ಇಷ್ಟು ಹತ್ತಿರ ಬಂದದ್ದು ದೊಡ್ಡದೇ. ಉಪ್ಪಿನ ರಾಶಿಯ ನಟ್ಟನಡುವಿನ ಬಿಂದು ಹೆಚ್ಚುಕಡಿಮೆ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ಸಾಗಿತು. 647 ದಿನದಲ್ಲಿ ಸುಮಾರು 59 ಮೀಟರ್.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸರಿ ಎಂದು ಎದ್ದು ಹೋಗಬಹುದಿತ್ತು. ಒಂದೇ ಸರಾಸರಿ ಅಂಕಿ ಸಾಕು, ಮರಳೆಂದರೆ ಮರಳು.

ರಾಶಿಯ ಆಕಾರ ನೋಡಿದಾಗ ಹಾಗನ್ನಿಸುವುದಿಲ್ಲ. ಇಳಿಸಿದಾಗ ಅದು ಒಂದು ಮೊದ್ದು ಇಟ್ಟಿಗೆಯಂತಿತ್ತು. ಮೊದಲ ತಿಂಗಳುಗಳಲ್ಲೇ ಅದು ಎರಡು ಗುಡ್ಡೆಯಾದಂತೆ ಕಂಡಿತು. ಒಂದು ಪಾಲು ಮುಂದೆ ಓಡಿತು, ಇನ್ನೊಂದು ಹಿಂದೆ ಉಳಿಯಿತು. ಆಮೇಲೆ ಹರಿವಿನ ದಿಕ್ಕಿನಲ್ಲಿ ಉದ್ದುದ್ದ ಎಳೆಯುತ್ತಾ ಹೋಯಿತು. ಅಡ್ಡಕ್ಕೆ ಹರಡಿದ್ದು ಉದ್ದಕ್ಕೆ ಹರಡಿದ್ದರ ಹತ್ತರಲ್ಲೊಂದು ಪ್ರಮಾಣದಲ್ಲಿ. ಮೇಲೆ ಕೆಳಗೆ ಅಂತೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಿಟ್ಟಿನ ಮುದ್ದೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದರೆ ಆಗುವ ಹಾಗೆ.

ಪ್ರಯೋಗಾಲಯದ ಕೊಳವೆಯಲ್ಲಿ ಒಂದೇ ಸಮ ಮರಳು ತುಂಬಿ ಇದನ್ನೇ ಮಾಡಿದರೆ ಇಷ್ಟು ಎಳೆಯುವುದಿಲ್ಲ. ಕೊಳವೆಯಲ್ಲಿ ಹರಡುವ ಅಳತೆ (ರಾಶಿಯ ಉದ್ದವಲ್ಲ, ಸಾಗಿದಂತೆ ಅದು ಎಷ್ಟು ಬೇಗ ಹಿಗ್ಗುತ್ತದೆ ಎಂಬುದರ ಅಳತೆ) ಮಿಲಿಮೀಟರಿನ ಲೆಕ್ಕದ್ದು. ಬೋರ್ಡನ್‌ನಲ್ಲಿ ಅದು 0.4 ಮೀಟರಿನ ಆಸುಪಾಸು. ಮರಳು ಅದೇ, ನೀರು ಅದೇ. ಕೊಳವೆಯಲ್ಲಿ ಇಲ್ಲದ್ದು ನೆಲದಲ್ಲಿ ಏನಿದೆ?

ಐದು ಸೆಂಟಿಮೀಟರಿಗೊಂದು ಹೋಳು

ಉತ್ತರ ಹುಡುಕಲು ಹೊರಟವನು ವಾಟರ್ಲೂವಿನ ಎಡ್ವರ್ಡ್ ಸುಡಿಕಿ. ಅವನ ದಾರಿ ಸರಳ, ಆದರೆ ಬೇಸರ ತರಿಸುವಂಥದ್ದು. ನೀರು ಹರಿಯುವ ದಿಕ್ಕಿಗೆ ಒಂದು ಗೆರೆ, ಅದಕ್ಕೆ ಅಡ್ಡವಾಗಿ ಇನ್ನೊಂದು ಗೆರೆ. ಗೆರೆಯ ಉದ್ದಕ್ಕೆ ಮೀಟರಿಗೊಂದರಂತೆ ಕೊಳವೆ ಇಳಿಸಿ ಮರಳಿನ ಕಂಬ ತೆಗೆಯುವುದು. ಒಟ್ಟು 32 ಕಂಬ, ಒಂದೊಂದೂ ಸುಮಾರು ಎರಡು ಮೀಟರ್. ಪ್ರತಿ ಕಂಬವನ್ನು ಐದು ಸೆಂಟಿಮೀಟರಿನ ಹೋಳುಗಳಾಗಿ ಕತ್ತರಿಸಿ, ಪ್ರತಿ ಹೋಳನ್ನೂ ಪರ್ಮಿಯಾಮೀಟರ್ ಎಂಬ, ಹಾಯಿಸುವ ಗುಣ ಅಳೆಯುವ ಉಪಕರಣದಲ್ಲಿಟ್ಟು ಅಳೆಯುವುದು. ಒಟ್ಟು 1,279 ಅಳತೆ. ಅದೂ ಇಡೀ ಪ್ರಯೋಗದ ಜಾಗಕ್ಕಲ್ಲ, ಅದರೊಳಗಿನ ಒಂದು ಸಣ್ಣ ಭಾಗಕ್ಕೆ. ಯಾರಾದರೂ ಇದಕ್ಕೆ ದುಡ್ಡು ಕೊಟ್ಟರಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಮೂರು ಅಂಕಿ ಹೊರಬಿದ್ದವು. ಮೊದಲನೆಯದು, ಏರುಪೇರು ಎಷ್ಟು. ಹಾಯಿಸುವ ಗುಣದ ಲಾಗ್ ತೆಗೆದು ಅದರ ವೇರಿಯನ್ಸ್, ಅಂದರೆ ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಂಕಿ, ನೋಡುತ್ತಾರೆ. ಬಂದದ್ದು 0.29. ಇದನ್ನು ನಮ್ಮ ಭಾಷೆಗೆ ತಂದರೆ, ಬಹುಪಾಲು ಹೋಳುಗಳು ನಡುವಿನ ಬೆಲೆಯ 1.7 ಪಟ್ಟು ಮೇಲೆ, 1.7 ಪಟ್ಟು ಕೆಳಗೆ, ಇದರೊಳಗೆ ಇದ್ದವು. ಇನ್ನೂ ಸ್ವಲ್ಪ ವಿಸ್ತಾರವಾಗಿ ಹಿಡಿದರೆ, ನಿಧಾನದ ಹೋಳಿಗೂ ಬೇಗದ ಹೋಳಿಗೂ ಎಂಟೊಂಬತ್ತು ಪಟ್ಟು ಅಂತರ. ಕಣ್ಣಿಗೆ ಒಂದೇ ಥರ ಕಾಣುವ ಮರಳಿನಲ್ಲಿ.

ಹೇಗೆ ಸಾಧ್ಯ ಎಂದರೆ, ಕಾಳಿನ ಗಾತ್ರ ಸ್ವಲ್ಪ ಬದಲಾದರೂ ಹಾಯಿಸುವ ಗುಣ ತುಂಬಾ ಬದಲಾಗುತ್ತದೆ. ಅದು ಸುಮಾರಾಗಿ ಗಾತ್ರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕಾಳು ಎರಡರಷ್ಟು ಸಣ್ಣದಾದರೆ ನೀರು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಕಣ್ಣು 0.2 ಮಿಲಿಮೀಟರನ್ನೂ 0.1 ಮಿಲಿಮೀಟರನ್ನೂ ಅಷ್ಟು ಸುಲಭವಾಗಿ ಬೇರೆ ಮಾಡಲಾರದು. ನೀರು ಮಾಡುತ್ತದೆ. ನಮ್ಮ ಕರಾವಳಿಯವರು ಹೊಯ್ಗೆಯಲ್ಲಿ ಗುಂಡಿ ತೋಡಿದಾಗ ಗೋಡೆಯಲ್ಲಿ ತೆಳ್ಳಗೆ ಗೆರೆಗೆರೆ ಕಂಡಿರುತ್ತಾರೆ. ಒಂದೊಂದು ಅಲೆ, ಒಂದೊಂದು ಮಳೆಗಾಲ ಬೇರೆ ಬೇರೆ ಗಾತ್ರದ ಕಾಳು ತಂದು ಹಾಸಿರುತ್ತದೆ. ಬೋರ್ಡನ್ ಮರಳು ಸಮುದ್ರದ್ದಲ್ಲ, ಹಿಮನದಿಗಳ ಕಾಲದ್ದು. ಆದರೂ ಹಾಸಿದ್ದು ನೀರೇ, ಹಾಸಿನ ಮೇಲೆ ಹಾಸು.

ಎರಡನೆಯ ಮತ್ತು ಮೂರನೆಯ ಅಂಕಿಗಳೇ ನನಗೆ ಹೆಚ್ಚು ಇಷ್ಟ. ಪಕ್ಕಪಕ್ಕದ ಎರಡು ಹೋಳು ಒಂದನ್ನೊಂದು ಹೋಲುತ್ತವೆ. ದೂರ ಹೋದಂತೆ ಹೋಲಿಕೆ ಕಡಿಮೆಯಾಗುತ್ತದೆ. ಎಷ್ಟು ದೂರದವರೆಗೆ ನಂಟು ಉಳಿದಿರುತ್ತದೆ? ಸುಡಿಕಿಗೆ ಸಿಕ್ಕಿದ್ದು ಅಡ್ಡಡ್ಡಕ್ಕೆ, ಅಂದರೆ ನೆಲಕ್ಕೆ ಸಮಾನಾಂತರವಾಗಿ, 2.8 ಮೀಟರ್, ಮೇಲೆ ಕೆಳಗೆ 0.12 ಮೀಟರ್. ಅಂದರೆ ಗೇಣಿಗಿಂತ ಕಡಿಮೆ ಆಳಕ್ಕೆ ಇಳಿದರೆ ಮರಳಿನ ಸ್ವಭಾವ ಬದಲಾಗಿರುತ್ತದೆ. ಅದೇ ಆಳದಲ್ಲಿ ಪಕ್ಕಕ್ಕೆ ನಡೆದರೆ ಮೂರು ನಾಲ್ಕು ಹೆಜ್ಜೆಯವರೆಗೂ ಹೆಚ್ಚುಕಡಿಮೆ ಅದೇ ಮರಳು. ಈ ಎರಡರ ನಡುವೆ ಇಪ್ಪತ್ಮೂರು ಪಟ್ಟು ವ್ಯತ್ಯಾಸ. ನೆಲದೊಳಗೆ ಇರುವುದು ತೆಳ್ಳನೆಯ, ಚಪ್ಪಟೆಯಾದ, ಕೆಲವು ಮೀಟರ್ ಉದ್ದದ ನಾಲಿಗೆಗಳು, ಒಂದರ ಮೇಲೊಂದು. ಒತ್ತಾಗಿ ಜೋಡಿಸಿಟ್ಟ ದೋಸೆಗಳ ಹಾಗೆ, ಆದರೆ ಯಾವ ದೋಸೆಯೂ ತಟ್ಟೆ ಪೂರ್ತಿ ಹರಡಿಲ್ಲ.

ಈ ಚಿತ್ರ ಮನಸ್ಸಿನಲ್ಲಿದ್ದರೆ ರಾಶಿ ಯಾಕೆ ಹಾಗೆ ಎಳೆಯಿತು ಎಂಬುದು ತಾನಾಗಿ ಗೊತ್ತಾಗುತ್ತದೆ. ಬೇಗದ ನಾಲಿಗೆಯಲ್ಲಿ ಸಿಕ್ಕ ಉಪ್ಪು ದಿನಕ್ಕೆ 9ರ ಬದಲು 15, 18 ಸೆಂಟಿಮೀಟರ್ ಓಡುತ್ತದೆ. ನಿಧಾನದ್ದರಲ್ಲಿ ಸಿಕ್ಕಿದ್ದು 5. ಆದರೆ ಬೇಗದ ನಾಲಿಗೆ ಮೂರು ಮೀಟರಿನಲ್ಲಿ ಮುಗಿಯುತ್ತದೆ. ಮುಂದೆ ಸಿಗುವುದು ಬೇಗದ್ದೋ ನಿಧಾನದ್ದೋ, ಹೇಳಲಾಗದು. 59 ಮೀಟರ್ ದಾರಿಯಲ್ಲಿ ಇಂಥ ಇಪ್ಪತ್ತು ಮನೆ ದಾಟಬೇಕು. ಎಲ್ಲದರಲ್ಲೂ ಅದೃಷ್ಟ ಖುಲಾಯಿಸುವ ಉಪ್ಪು ಕಡಿಮೆ. ನಾಲಿಗೆಗಳು ಕೊನೆಯವರೆಗೂ ಹರಡಿದ್ದಿದ್ದರೆ, ಎರಡು ಪಟ್ಟು ವೇಗದ ಪದರದಲ್ಲಿ ಸಿಕ್ಕಿದ್ದು ಅದೇ 647 ದಿನದಲ್ಲಿ ನೂರು ಮೀಟರ್ ದಾಟಿರುತ್ತಿತ್ತು. ಅಂದರೆ ಏರುಪೇರು ಎಷ್ಟಿದೆ ಎಂದು ಕೇಳಿದರೆ ಸಾಲದು, ಅದು ಎಷ್ಟು ದೂರ ಮುಂದುವರಿಯುತ್ತದೆ ಎಂದೂ ಕೇಳಬೇಕು. ಹರಡುವ ಅಳತೆ ಈ ಎರಡರ ಗುಣಾಕಾರ.

ಗುಣಾಕಾರ ಎಂದದ್ದು ಸುಮ್ನೆ ಅಲ್ಲ. ಲಿನ್ ಗೆಲ್ಹಾರ್ ಮತ್ತು ಕಾರ್ಲ್ ಆಕ್ಸ್‌ನೆಸ್ 1983ರಲ್ಲಿ ಬರೆದ ಸೂತ್ರದ ಹುರುಳು ಅದೇ. 0.29ನ್ನು 2.8ರಿಂದ ಗುಣಿಸಿ, ಹರಿವಿಗೆ ಸಂಬಂಧಿಸಿದ ಒಂದು ಸಣ್ಣ ತಿದ್ದುಪಡಿ ಮಾಡಿದರೆ 0.61 ಮೀಟರ್ ಬರುತ್ತದೆ. ನೆಲದಲ್ಲಿ ಕಂಡದ್ದು 0.4. ಹೊಂದಲಿಲ್ಲ ಅನಿಸಬಹುದು. ಆದರೆ 0.61 ಎಂಬುದು ಬಹುದೂರ ಹೋದ ಮೇಲೆ ತಲುಪುವ ಕೊನೆಯ ಬೆಲೆ. ಮೊದಲು ಸಣ್ಣದಿದ್ದು, ಸಾಗಿದಂತೆ ಬೆಳೆಯುತ್ತಾ ಹೋಗುತ್ತದೆ. ಉಪ್ಪಿನ ರಾಶಿಯನ್ನು ಒಮ್ಮೆಯೂ ನೋಡದೆ, ಬರೀ ಮರಳಿನ ಹೋಳುಗಳನ್ನು ಅಳೆದು, ಅದು ಎಷ್ಟು ಎಳೆಯುತ್ತದೆ ಎಂದು ಇಷ್ಟು ಹತ್ತಿರ ಹೇಳಿದ್ದು ಬೋರ್ಡನ್‌ನ ನಿಜವಾದ ಗೆಲುವು. 1986ರ ಕೊನೆಗೆ ಇದೆಲ್ಲ ಒಟ್ಟಿಗೆ ಪ್ರಕಟವಾಯಿತು.

ತಕರಾರೂ ಇದೆ. 2.8 ಮೀಟರ್ ಎಂಬ ಅಂಕಿ ಅಷ್ಟೇನೂ ಗಟ್ಟಿಯಲ್ಲ. ಕಂಬಗಳು ಒಂದೊಂದು ಮೀಟರ್ ದೂರದಲ್ಲಿದ್ದವು. ಉದ್ದದ ಗೆರೆಯೇ 20 ಮೀಟರಿಗೆ ಮುಗಿಯುತ್ತದೆ. ಅಷ್ಟರಲ್ಲಿ ಮೂರು ಮೀಟರಿನ ನಂಟನ್ನು ಅಳೆಯುವುದೆಂದರೆ ಏಳೆಂಟು ಮನೆ ನೋಡಿ ಊರಿನ ಲೆಕ್ಕ ಹೇಳಿದ ಹಾಗೆ. 1991ರಲ್ಲಿ ಸುಡಿಕಿಯೇ ಅಲನ್ ವುಡ್‌ಬರಿ ಜೊತೆ ಸೇರಿ ಅದೇ ಅಂಕಿಗಳನ್ನು ಮತ್ತೆ ಜಾಲಾಡಿದಾಗ ಅಡ್ಡಡ್ಡದ ನಂಟು ಮೊದಲು ಹೇಳಿದ್ದಕ್ಕಿಂತ ಉದ್ದವಾಗಿ ಕಂಡಿತು. ಮೇಲೆ ಕೆಳಗಿನ ಅಂಕಿಗೆ ಬೆಂಬಲ ಜಾಸ್ತಿ, ಯಾಕೆಂದರೆ ಪ್ರತಿ ಕಂಬದಲ್ಲೂ ನಲವತ್ತು ಹೋಳು ಇದ್ದವು. ಅಡ್ಡಕ್ಕೆ ಆ ಭಾಗ್ಯವಿಲ್ಲ. ನೆಲ ಕೊರೆಯುವವರ ಕಷ್ಟ ಎಲ್ಲ ಕಡೆಯೂ ಇದೇ. ಆಳಕ್ಕೆ ಮಾಹಿತಿ ದಂಡಿ, ಪಕ್ಕಕ್ಕೆ ಬರ.

ಇನ್ನೊಂದು ಸಣ್ಣ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪುವವರು ಜಾಸ್ತಿ. ಒಂದೇ ದಪ್ಪದ ಎರಡು ಪದರ, ಒಂದರ ಹಾಯಿಸುವ ಗುಣ 10, ಇನ್ನೊಂದರದ್ದು 1. ಪದರದ ಉದ್ದಕ್ಕೆ ನೀರು ಹರಿದರೆ ಒಟ್ಟು ಗುಣ 5.5. ಅಡ್ಡಲಾಗಿ ಮೇಲಿಂದ ಕೆಳಕ್ಕೆ ಹಾಯಬೇಕಾದರೆ 1.8 ಮಾತ್ರ, ನಿಧಾನದ ಪದರವೇ ಎಲ್ಲವನ್ನೂ ತಡೆಯುತ್ತದೆ. ಅದೇ ಮರಳು, ಅದೇ ಎರಡು ಪದರ, ದಿಕ್ಕು ಬೇರೆ. ಆದ್ದರಿಂದ ಪದರ ಪದರವಾಗಿರುವ ಮರಳಿಗೆ ಒಂದೇ ಅಂಕಿ ಕೊಟ್ಟರೆ, ಯಾವ ದಿಕ್ಕಿನದ್ದು ಎಂದು ಕೇಳದೆ ಒಪ್ಪಬಾರದು.

ಅಂಟುವ ಐದು ರಾಸಾಯನಿಕಗಳ ಕಥೆ ಬೇರೆಯೇ ಒಂದು ಲೇಖನ. ಪರ್ಕ್ಲೋರೋಎಥಿಲೀನ್ ಮೊದಲು ನೀರಿಗಿಂತ 2.7 ಪಟ್ಟು ನಿಧಾನವಿತ್ತು, ಕೊನೆಕೊನೆಗೆ 5.9 ಪಟ್ಟು ನಿಧಾನವಾಯಿತು. ಒಂದು ಕಾರಣವನ್ನು ವಿಲಿಯಂ ಬಾಲ್ ಮತ್ತು ಪಾಲ್ ರಾಬರ್ಟ್ಸ್ 1991ರಲ್ಲಿ ತೋರಿಸಿದರು. ರಾಸಾಯನಿಕ ಕಾಳಿನ ಮೈಗೆ ಅಂಟಿ ನಿಲ್ಲದೆ, ನಿಧಾನಕ್ಕೆ ಕಾಳಿನ ಒಳಗೂ ಇಳಿಯುತ್ತದೆ.

ಸೂತ್ರ ಸೋತ ಜಾಗ

ಬೋರ್ಡನ್ ನಂತರ ಇದೇ ಪ್ರಯೋಗವನ್ನು ಬೇರೆ ಕಡೆ ಮಾಡಿದರು. 1985ರಲ್ಲಿ ಅಮೆರಿಕದ ಭೂಗರ್ಭ ಸಮೀಕ್ಷೆಯವರು ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಬ್ರೋಮೈಡ್ ಬಿಟ್ಟರು. ಅಲ್ಲಿನ ಮರಳು ದಪ್ಪ, ಜಲ್ಲಿ ಬೆರೆತದ್ದು. ನೀರು ದಿನಕ್ಕೆ 42 ಸೆಂಟಿಮೀಟರ್ ಓಡಿತು, ಬೋರ್ಡನ್ನಿನ ನಾಲ್ಕೂವರೆ ಪಟ್ಟು. ಆದರೂ ಏರುಪೇರಿನ ಅಂಕಿ 0.26, ಬೋರ್ಡನ್ನಿನಷ್ಟೇ. ಬೇಗ ಹಾಯಿಸುವ ಮರಳಿನಲ್ಲಿ ಏರುಪೇರು ಜಾಸ್ತಿ ಎಂದೇನೂ ಇಲ್ಲ, ಎರಡೂ ಬೇರೆ ಬೇರೆ ಸಂಗತಿ. ಅಲ್ಲೂ ಸೂತ್ರ ಕೈಕೊಡಲಿಲ್ಲ.

ಕೈಕೊಟ್ಟದ್ದು ಮಿಸಿಸಿಪಿಯ ಕೊಲಂಬಸ್ ವಾಯುನೆಲೆಯಲ್ಲಿ, 1986ರ ಅಕ್ಟೋಬರಿನಲ್ಲಿ ಶುರುವಾದ ಪ್ರಯೋಗದಲ್ಲಿ. ಹಳೆಯ ಹೊಳೆ ತಂದು ಸುರಿದ ಮರಳು, ಜಲ್ಲಿ, ರೇವೆ ಎಲ್ಲ ಕಲಸಿದ ನೆಲ. ವೇರಿಯನ್ಸ್ ಸುಮಾರು 4.5. ಬೋರ್ಡನ್‌ನಲ್ಲಿ ಎಂಟೊಂಬತ್ತು ಪಟ್ಟು ಎಂದೆನಲ್ಲ, ಅದೇ ಲೆಕ್ಕ ಇಲ್ಲಿ ಸಾವಿರ ಪಟ್ಟುಗಳಿಗೆ ಹೋಗುತ್ತದೆ. ರಾಶಿ ಮುದ್ದೆಯಾಗಿ ಸಾಗಲೇ ಇಲ್ಲ. ಬಹುಪಾಲು ಬ್ರೋಮೈಡ್ ಇಳಿಸಿದ ಜಾಗದ ಹತ್ತಿರವೇ ಸಿಕ್ಕಿಹಾಕಿಕೊಂಡಿತು. ತೆಳ್ಳಗಿನ ಒಂದು ಪಾಲು ಮಾತ್ರ 200 ಮೀಟರ್ ದಾಟಿ ಓಡಿತು. ಅಲ್ಲಿ ನಟ್ಟನಡುವಿನ ಬಿಂದು ಎಂದು ಲೆಕ್ಕ ಹಾಕಿದರೆ ಬರುವ ಜಾಗದಲ್ಲಿ ಏನೂ ವಿಶೇಷ ಇರುವುದಿಲ್ಲ.

ಬಾವಿಯಿಂದ ಕುಡಿಯುವವರಿಗೆ ಆ ಓಡಿದ ತೆಳ್ಳಗಿನ ಪಾಲೇ ಮುಖ್ಯ, ಅಲ್ವಾ? ಸರಾಸರಿ ಕೊಳಕು ಇನ್ನೂ ಐದು ವರ್ಷ ಬರುವುದಿಲ್ಲ ಎಂದು ಕಾಗದದಲ್ಲಿ ಬರೆದಿರಬಹುದು. ಮೊದಲ ಹನಿ ಆ ಕಾಗದ ಓದುವುದಿಲ್ಲ. ಬೋರ್ಡನ್ನಿನ ಚೆಂದದ ಹೊಂದಾಣಿಕೆಯನ್ನು ತೋರಿಸಿ ಎಲ್ಲ ಮರಳು ನೆಲಕ್ಕೂ ಅದೇ ಸೂತ್ರ ಹಚ್ಚುವವರ ಬಗ್ಗೆ ನನಗೆ ಅನುಮಾನ ಇರುವುದು ಇದಕ್ಕೇ. ಬೋರ್ಡನ್ ಸುಲಭದ ಪರೀಕ್ಷೆ. ಅದನ್ನು ಬೇಕೆಂದೇ ಸುಲಭದ್ದಾಗಿ ಆರಿಸಿದ್ದರು.

ಮತ್ತೆ ಅಗೆದಾಗ

ಆ ಕ್ವಾರಿಯ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಕೆಲವು ವರ್ಷಗಳ ನಂತರ ಬರ್ನಾರ್ಡ್ ಕ್ಯೂಪರ್ ಮತ್ತು ಜೊತೆಯವರು ಬೋರ್ಡನ್ ಮರಳಿನಲ್ಲೇ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಒಂದು ಜಾಗಕ್ಕೆ ಸುತ್ತ ಉಕ್ಕಿನ ತಗಡು ಬಡಿದು, ನೀರಿನ ಮಟ್ಟದ ಕೆಳಗೆ 231 ಲೀಟರ್ ಪರ್ಕ್ಲೋರೋಎಥಿಲೀನ್ ಬಿಟ್ಟರು. ಇದು ನೀರಿನಲ್ಲಿ ಕರಗಿಸಿ ಬಿಟ್ಟದ್ದಲ್ಲ, ನೇರ ದ್ರವವೇ. ನೀರಿಗಿಂತ 1.6 ಪಟ್ಟು ಭಾರ. ಮರಳು ನಿಜಕ್ಕೂ ಒಂದೇ ಥರ ಇದ್ದಿದ್ದರೆ ಅಷ್ಟು ಭಾರದ ದ್ರವ ಹೆಚ್ಚುಕಡಿಮೆ ನೇರ ಕೆಳಗಿಳಿದು ಜೇಡಿಯ ಮೇಲೆ ಕೂರಬೇಕಿತ್ತು.

ಆಮೇಲೆ ನೀರು ತೆಗೆದು, ಮರಳನ್ನು ಪದರ ಪದರವಾಗಿ ಅಗೆದು ನೋಡಿದರು. ದ್ರವ ಕೆಳಗಿಳಿದದ್ದಕ್ಕಿಂತ ಪಕ್ಕಕ್ಕೆ ಓಡಿದ್ದೇ ಎದ್ದು ಕಾಣುತ್ತಿತ್ತು. ಸ್ವಲ್ಪ ಸಣ್ಣ ಕಾಳಿನ ಒಂದು ತೆಳು ಹಾಸು ಸಿಕ್ಕಿದ ಕಡೆಯಲ್ಲೆಲ್ಲ ಅದರ ನೆತ್ತಿಯ ಮೇಲೆ ನಿಂತು, ಹರಡಿ, ಅಂಚು ಸಿಕ್ಕಿದಾಗ ಕೆಳಗೆ ಜಾರಿ, ಮುಂದಿನ ಹಾಸಿನ ಮೇಲೆ ಮತ್ತೆ ನಿಂತಿತ್ತು. ಕೆಲವು ಹಾಸುಗಳು ಬೆರಳಿನಷ್ಟೂ ದಪ್ಪವಿರಲಿಲ್ಲ.